ಭತ್ತದ ಲಗ್ನ, ಮರುದಿನದ ಅನ್ನ

ನಮ್ಮ ಚಿತ್ತಾಪುರದ ಸುತ್ತ ಹೊಲ ಅಂದರೆ ತೊಗರಿ, ಜೋಳ, ಕಡಲೆ. ಭತ್ತದ ಗದ್ದೆಯನ್ನು ನಾನು ಮೊದಲು ನೋಡಿದ್ದು ರೈಲಿನ ಕಿಟಕಿಯಿಂದ, ವಾಡಿ ಬಿಟ್ಟು ಕೃಷ್ಣಾ ನದಿ ದಾಟಿದ ಮೇಲೆ. ಹೀಗಿದ್ದೂ ಕೃಷಿ ಕಾಲೇಜಿನಲ್ಲಿ ಸಂಶೋಧನೆಗೆ ಭತ್ತವನ್ನೇ ಆರಿಸಿಕೊಂಡೆ. ನನ್ನ ಮಾರ್ಗದರ್ಶಕರು ಕರಾವಳಿಯವರು. ಕನ್ನಡಕವನ್ನು ಹಣೆಗೆ ಏರಿಸಿ ಕೇಳಿದರು.

"ಅಲ್ಲಮ್ಮ, ಜೋಳದ ರೊಟ್ಟಿ ತಿಂದು ಬೆಳೆದವಳು ನೀನು. ನಿನಗೆ ಭತ್ತ ಯಾಕೆ?"

"ನಮ್ಮ ಅಮ್ಮನ ಸಲುವಾಗಿ, ಸರ್" ಅಂದೆ.

ಅವರು ನಕ್ಕುಬಿಟ್ಟರು. ನಾನು ಹೇಳಿದ್ದು ಮಾತ್ರ ಖರೇ.

ನಮ್ಮದು ವೈಷ್ಣವರ ಮನೆ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ, ಸಂಸ್ಕೃತ ಕಲಿಸುತ್ತಿದ್ದರು. ಬೆಳಿಗ್ಗೆ ಗುಡಿಯ ಪೂಜೆ, ಬೇಸಿಗೆಯಲ್ಲಿ ಅವರಿವರ ಮನೆಯ ಲಗ್ನ ಮಾಡಿಸುವುದು. ಮಧ್ಯಾಹ್ನ ರೊಟ್ಟಿ ಎಷ್ಟೇ ತಟ್ಟಲಿ, ದೇವರ ನೈವೇದ್ಯಕ್ಕೆ ಅನ್ನ ಬೇಕೇ ಬೇಕು. ಆ ಅನ್ನವೇ ಅಮ್ಮನಿಗೆ ದಿನದ ತಲೆನೋವು. ಅಂಗಡಿಯಿಂದ ತಂದ ಅಕ್ಕಿಯನ್ನು ಮೊರದಲ್ಲಿ ಹರವಿಕೊಂಡು ಅಂಗಳದ ಬಿಸಿಲಿಗೆ ಕೂತು ಆರಿಸುವಳು. ಒಂದು ಕಾಳು ತೆಗೆದು ಬೆಳಕಿಗೆ ಹಿಡಿಯುವಳು, ಇನ್ನೊಂದು ತೆಗೆದು ಹಿಡಿಯುವಳು.

"ನೋಡು, ಇದು ಕಾಜಿನಂಗ ಅದ. ಇದರ ಹೊಟ್ಟಿ ನೋಡು, ಸುಣ್ಣ ಬಳದಂಗ ಬೆಳ್ಳಗ. ಇಂಥವು ಬೆಂದ್ರ ಒಡದು ಮುದ್ದಿ ಆಗ್ತಾವ. ದೇವರ ಮುಂದ ಹೆಂಗ ಇಡ್ಲಿ?"

"ಹಂಗ್ಯಾಕ ಆಗ್ತದ ಅಮ್ಮ?" ಅಂತ ನಾನು ಕೇಳುತ್ತಿದ್ದೆ.

"ನನಗೇನು ಗೊತ್ತು? ನೀ ಸಾಲಿ ಕಲೀಲಿಕತ್ತೀ. ನೀನೇ ಹೇಳು."

ಹೇಳುವುದಕ್ಕೆ ನನಗೆ ಹಲವು ವರ್ಷ ಹಿಡಿಯಿತು. ಭತ್ತದ ಹೂವು ಗರ್ಭಕಟ್ಟಿದ ಮೇಲೆ ಸಿಪ್ಪೆಯೊಳಗೆ ಮೊದಲು ಹಾಲು ತುಂಬುತ್ತದೆ. ಆ ಹಾಲು ದಿನದಿಂದ ದಿನಕ್ಕೆ ಗಟ್ಟಿಯಾಗಿ ಪಿಷ್ಟವಾಗುತ್ತದೆ. ಪಿಷ್ಟದ ಕಣಗಳು ಒತ್ತಾಗಿ ಕೂತರೆ ಬೆಳಕು ಹಾದುಹೋಗುತ್ತದೆ, ಕಾಳು ಗಾಜಿನಂತೆ ಕಾಣುತ್ತದೆ. ನಡುವೆ ಸಂದು ಉಳಿದರೆ ಬೆಳಕು ಅಲ್ಲೇ ಚದುರಿ ಹೊಟ್ಟೆ ಬೆಳ್ಳಗೆ ಕಾಣುತ್ತದೆ. ಯಾವ ಪಿಷ್ಟ ಎಷ್ಟು ಆಗಬೇಕು, ಯಾವಾಗ ಶುರುವಾಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಕಾಳಿನ ವಂಶವಾಹಿಗಳು ನಡೆಸುತ್ತವೆ. ಆದರೆ ಅವು ತಮ್ಮ ಪಾಡಿಗೆ ತಾವು ನಡೆಯುವುದಿಲ್ಲ. ನೀರು ಕಡಿಮೆಯಾದರೆ, ಬಿಸಿಲು ಹೆಚ್ಚಾದರೆ ಕೆಲವು ಮಂಕಾಗುತ್ತವೆ, ಕೆಲವು ಅವಸರ ಮಾಡುತ್ತವೆ. ಅದು ಹೇಗೆ ಎಂಬುದೇ ನನ್ನ ಸಂಶೋಧನೆಯ ವಿಷಯವಾಯಿತು.

ವಿಷಯವೇನೋ ಸಿಕ್ಕಿತ್ತು, ಅದಕ್ಕೆ ತಕ್ಕ ಭತ್ತ ಸಿಕ್ಕಿರಲಿಲ್ಲ. ಅದನ್ನು ಮನೆಗೆ ತಂದವರು ಅಪ್ಪ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಚಿಂಚೋಳಿಯಲ್ಲಿ ಒಂದು ಲಗ್ನ ಮಾಡಿಸಿ ವಾಪಸು ಬಂದಾಗ ಅವರ ಚೀಲದಲ್ಲಿ ದಕ್ಷಿಣೆಯ ಜತೆ ಒಂದು ಅಕ್ಕಿಯ ಗಂಟು ಇತ್ತು. ಅಮ್ಮ ಅದನ್ನು ಮೊರಕ್ಕೆ ಸುರಿದಳು. ಅಕ್ಕಿ ಭಾಳ ಸಣ್ಣ, ಸಣ್ಣಗೆ ಘಮ. ಆದರೆ ಅರ್ಧಕ್ಕರ್ಧ ನುಚ್ಚು, ಉಳಿದದ್ದರಲ್ಲಿ ಬಿಳಿಹೊಟ್ಟೆಯದೇ ಹೆಚ್ಚು. ಅಮ್ಮ ಬೈಯುತ್ತಲೇ ಒಲೆಗಿಟ್ಟಳು. ಬೆಂದ ಮೇಲೆ ಇಡೀ ಮನೆಗೆ ಪರಿಮಳ. ಅನ್ನ ಬಾಯಿಗಿಟ್ಟರೆ ಬೆಣ್ಣೆ.

"ಇದರ ನೆಲ್ಲು ಎಲ್ಲೀದು?" ಅಂತ ಅಪ್ಪನನ್ನು ಕೇಳಿದೆ.

"ಐನಾಪುರದ ಕಡೀದು ಅಂದ್ರಪ್ಪ. ಅಲ್ಲಿ ಒಂದು ಸಣ್ಣ ಕೆರಿ ಅದಂತ, ಅದರ ಕೆಳಗ ಬೆಳೀತಾರಂತ."

ಮುಂದಿನ ವಾರವೇ ನಾನು, ಅಪ್ಪ ಸೇಡಂ ಮೇಲೆ ಚಿಂಚೋಳಿಗೆ ಹೋಗಿ, ಅಲ್ಲಿಂದ ಐನಾಪುರದ ಬಸ್ಸು ಹತ್ತಿದೆವು. ಕೇಳಿಕೊಂಡು ಹೋದರೆ ಎಲ್ಲರೂ ಒಂದೇ ಮನೆ ತೋರಿಸಿದರು. ಕಟ್ಟೆಯ ಮೇಲೆ ಹುಣಸೆಹಣ್ಣು ಬಡಿಯುತ್ತಿದ್ದ ಹೆಂಗಸು ಎದ್ದು ನಿಂತಳು. ಹಣೆತುಂಬ ವಿಭೂತಿ, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಊರೆಲ್ಲ ಆಕೆಯನ್ನು ದೊಡ್ಡವ್ವ ಅಂತ ಕರೆಯುತ್ತಿತ್ತು. ಅವತ್ತೇ ನಾನೂ ಹಾಗೇ ಕರೆಯಲು ಶುರುಮಾಡಿದೆ. ಆಕೆಯ ಗಂಡ ಮಾತು ಕಡಿಮೆಯ ಮನುಷ್ಯ. ನಮಗೆ ಕೈ ಮುಗಿದು, ಎತ್ತಿನ ಮೈ ತಿಕ್ಕುವುದನ್ನು ಮುಂದುವರಿಸಿದರು.

"ಬರ್ರಿ, ಕುಂದ್ರಿ. ನೆಲ್ಲು ನೋಡಾಕ ಚಿತ್ತಾಪುರದಿಂದ ಬಂದೀರಾ? ನಮ್ಮ ನೆಲ್ಲಿಗಿ ಭಾಳ ದಿನದ ಮ್ಯಾಲ ಯಾರೋ ಹೆಣ್ಣು ನೋಡಾಕ ಬಂದಂಗಾತು ನೋಡ್ರಿ!"

ಆಕೆ ಹೇಳಿದ ಕಥೆ ಸರಳವಾಗಿತ್ತು. ಆ ಭತ್ತ ತಡವಾಗಿ ಹಣ್ಣಾಗುವ ಜಾತಿ. ದೀಪಾವಳಿ ದಾಟುವ ಹೊತ್ತಿಗೆ ಕೆರೆಯ ನೀರು ತಳ ಕಾಣುತ್ತದೆ. ತೆನೆಯ ಮೇಲಿನ ಕಾಳು ಅಷ್ಟೊತ್ತಿಗೆ ಗಟ್ಟಿಯಾಗಿದ್ದರೂ ಕೆಳಗಿನವು ಇನ್ನೂ ಹಾಲಿನಲ್ಲೇ ಇರುತ್ತವೆ. ಅವೇ ಗಿರಣಿಯಲ್ಲಿ ನುಚ್ಚಾಗುವುದು.

"ಬ್ಯಾರೆ ಬೀಜ ಹಾಕ್ಬೇಕಿತ್ತಲ್ರಿ ದೊಡ್ಡವ್ವ? ಜಲ್ದಿ ಬರೋವು ಅದಾವಲ್ಲ" ಅಂದೆ.

"ಹಾಕಿ ನೋಡೀನವ್ವ. ಕಾಳು ಮಸ್ತ್ ಇರ್ತದ, ಒಂದೂ ಒಡಿಯಂಗಿಲ್ಲ. ಬಿಸಿ ಬಿಸಿ ಉಂಡ್ರ ಚಲೋನೇ. ಮುಂಜಾನಿ ಮಸರು ಹಾಕ್ಕೊಂಡು ಉಣ್ಣಾಕ ಹೋದ್ರ ಪರ್ಸಿ ಕಲ್ಲು ಆಗಿರ್ತದ! ಹೊಲಕ್ಕ ಹೋಗೋ ಮಂದಿ ನಾವು. ಮುಂಜಾನಿ ಒಲಿ ಹಚ್ಚಿ ಯಾರು ಕುಂದ್ರತಾರ?"

ಪುಸ್ತಕದಲ್ಲಿ ಓದಿದ್ದು ಎದುರಿಗೆ ಕಟ್ಟೆಯ ಮೇಲೆ ಕೂತು ಮಾತಾಡುತ್ತಿತ್ತು. ಅನ್ನ ಆರಿದ ಮೇಲೆ ಗಟ್ಟಿಯಾಗುವುದು ಪಿಷ್ಟದ ಒಂದು ಭಾಗದಿಂದ. ಅದಕ್ಕೆ ಅಮೈಲೋಸ್ ಅನ್ನುತ್ತಾರೆ. ಅದು ಹೆಚ್ಚಿದ್ದರೆ ಅನ್ನ ಉದುರುದುರು, ಆರಿದರೆ ಬಿರುಸು. ಕಡಿಮೆಯಿದ್ದರೆ ಅನ್ನ ಮೆತ್ತಗೆ, ಆರಿದರೂ ಮೆತ್ತಗೆ. ಬೇಗ ಹಣ್ಣಾಗುವ ಗುಣ ಬೇರೆ ವಂಶವಾಹಿಗಳದ್ದು, ಮೆತ್ತಗಿನ ಗುಣ ಬೇರೆಯದ್ದು. ಹಾಗಾದರೆ ಬೇಗ ಬರುವ ಜಾತಿಯನ್ನೂ ದೊಡ್ಡವ್ವನ ಸಣ್ಣಭತ್ತವನ್ನೂ ಕೂಡಿಸಿ, ಮಕ್ಕಳಲ್ಲಿ ಎರಡೂ ಗುಣ ಪಡೆದದ್ದನ್ನು ಹುಡುಕಬಹುದಲ್ಲ?

ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು "ಅಂದ್ರ ನಾನು ಮಂದಿ ಲಗ್ನ ಮಾಡಸ್ತೀನಿ, ನೀನು ನೆಲ್ಲಿನ ಲಗ್ನ ಮಾಡಸ್ತೀ ಅನ್ನು" ಅಂದರು.

ಆ ಮಳೆಗಾಲದ ಕೊನೆಗೆ ದೊಡ್ಡವ್ವನ ಗದ್ದೆಯಲ್ಲಿ ಭತ್ತ ಹೂಬಿಟ್ಟಾಗ ನಾನು ಮೊದಲು ಮಾಡಿದ್ದು ದಾರ ಕಟ್ಟುವ ಕೆಲಸ. ಅಮ್ಮನ ಉಣ್ಣೆಯ ಬುಟ್ಟಿಯಿಂದ ಬಣ್ಣಬಣ್ಣದ ಎಳೆ ತಂದು, ತೆನೆಯಲ್ಲಿ ಯಾವ ಹೂ ಯಾವತ್ತು ಅರಳಿತೋ ಅದಕ್ಕೆ ಅವತ್ತಿನ ಬಣ್ಣ. ಮೊದಲು ಅರಳಿದ್ದಕ್ಕೆ ಕೆಂಪು, ಆಮೇಲೆ ಹಳದಿ, ಕೊನೆಯದಕ್ಕೆ ಹಸಿರು. ಕೊಯ್ಲಾದ ಮೇಲೆ ಕಾಳು ಸುಲಿದು ನೋಡಿದರೆ ಕೆಂಪು ದಾರದವು ಗಾಜು, ಹಸಿರು ದಾರದವು ಸುಣ್ಣ. ಅಮ್ಮನ ಮೊರದ ಲೆಕ್ಕ ಅಲ್ಲಿ ಬಿಚ್ಚಿಕೊಂಡಿತು. ಒಂದೇ ತೆನೆ, ಒಂದೇ ತಾಯಿ. ಮೊದಲು ಅರಳಿದವು ನೀರಿರುವಾಗಲೇ ಹೊಟ್ಟೆ ತುಂಬಿಸಿಕೊಂಡಿದ್ದವು. ಕೊನೆಗೆ ಅರಳಿದವಕ್ಕೆ ಊಟ ಸಾಲದಾಗಿತ್ತು.

ಲಗ್ನಕ್ಕೆ ಮಾತ್ರ ಆ ವರ್ಷ ನಾನು ಅಂಥ ಒಳ್ಳೆಯ ಪುರೋಹಿತೆಯೇನೂ ಆಗಲಿಲ್ಲ. ಕಾಲೇಜಿನ ಗದ್ದೆಯಲ್ಲಿ ಬೇಗ ಬರುವ ಜಾತಿಯ ತೆನೆಗಳನ್ನು ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದೆ. ಭತ್ತದ ಪರಾಗ ಹೂ ಬಿಟ್ಟ ಕೆಲವೇ ನಿಮಿಷ ಬದುಕುತ್ತದೆ ಎಂದು ಓದಿದ್ದರೂ, ತೆನೆಯಲ್ಲಿ ಅರಳದ ಹೂಗಳಿವೆಯಲ್ಲ, ಇಲ್ಲಿ ಬಂದು ಅರಳುತ್ತವೆ ಎಂಬ ಆಸೆ. ಅವು ಬಾಡಿ ಜೋಲುಬಿದ್ದಿದ್ದವು. ಕೊಡವಿದರೂ ಏನೂ ಉದುರಲಿಲ್ಲ. ದೊಡ್ಡವ್ವನ ತೆನೆಗಳಿಗೆ ಕಟ್ಟಿದ್ದ ಕಾಗದದ ಚೀಲಗಳನ್ನು ಆಮೇಲೆ ಬಿಚ್ಚಿದರೆ ಬರೀ ಜೊಳ್ಳು. ದೊಡ್ಡವ್ವ ನನ್ನ ಮುಖ ನೋಡಿ ಬೆನ್ನ ಮೇಲೆ ಕೈಯಿಟ್ಟಳು.

"ಗಂಡು ದಾರ್ಯಾಗ ದಣದಾನ ಬಿಡವ್ವ. ಮುಂದಿನ ಸಲ ಜ್ವಾಕಿಯಿಂದ ಕರ್ಕೊಂಡು ಬಾ."

ಜೋಕೆಯಿಂದ ಕರೆತರುವುದೆಂದರೆ ಗಿಡವನ್ನೇ ಬೇರುಸಹಿತ ತರಬೇಕು. ಮುಂದಿನ ವರ್ಷ ಚಿತ್ತಾಪುರದ ನಮ್ಮ ಹಿತ್ತಲಲ್ಲಿ ಹಳೆಯ ಬಕೆಟ್ಟುಗಳಿಗೆ ಕೆಸರು ತುಂಬಿ, ವಾರ ವಾರ ಬಿಟ್ಟು ಆ ಬೇಗ ಬರುವ ಜಾತಿಯ ಬೀಜ ಹಾಕಿದೆ. ದೊಡ್ಡವ್ವನ ಭತ್ತ ಯಾವಾಗ ಹೂಬಿಟ್ಟರೂ ಇಲ್ಲಿ ಒಂದಾದರೂ ಬಕೆಟ್ಟು ಸಿದ್ಧವಿರಬೇಕು. ಅಮ್ಮ ಬಾವಿಯ ನೀರು ಹೊಯ್ದು ಅವನ್ನು ಸಾಕಿದಳು. ಸ್ನಾನಕ್ಕೆ ಬಕೆಟ್ಟು ಇಲ್ಲವೆಂದು ಅಪ್ಪ ಹಂಡೆಯಿಂದಲೇ ತಂಬಿಗೆಯಲ್ಲಿ ನೀರು ತೋಡಿಕೊಂಡು ಸ್ನಾನ ಮುಗಿಸುತ್ತಿದ್ದರು.

ದಸರೆಯ ರಜೆ ಮುಗಿಯುವ ಮುನ್ನ ಐನಾಪುರದಿಂದ ಸುದ್ದಿ ಬಂತು, ತೆನೆ ಹೊರಗೆ ಬರುತ್ತಿದೆ ಎಂದು. ನಾನು ಒಂದು ಬಕೆಟ್ಟು, ಅಪ್ಪ ಒಂದು ಬಕೆಟ್ಟು ಹಿಡಿದು ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೊರಟೆವು. ಧೋತರ ಉಟ್ಟು, ಹೆಗಲ ಮೇಲೆ ಶಲ್ಯ ಹೊದ್ದ ಅಪ್ಪನ ತೊಡೆಯ ಮೇಲೆ ಬಕೆಟ್ಟು. ಅದರೊಳಗಿಂದ ಭತ್ತದ ಗರಿಗಳು ಅವರ ಗಲ್ಲ ಸವರುತ್ತಿದ್ದವು. ಕಂಡಕ್ಟರ್ ಬಂದು ನಿಂತ.

"ಏನ್ರಿ ಮಾಸ್ತರ, ಬಕೀಟ್‌ನ್ಯಾಗ ಹುಲ್ಲು ಒಯ್ಯಾಕತ್ತೀರಿ? ಚಿಂಚೋಳ್ಯಾಗ ಹುಲ್ಲಿಲ್ಲೇನ್ರಿ?"

"ಹುಲ್ಲಲ್ಲಪ್ಪ, ಮದುಮಗ" ಅಂದರು ಅಪ್ಪ, ಮುಖದಲ್ಲಿ ನಗೆಯ ಗೆರೆಯಿಲ್ಲದೆ. "ಐನಾಪುರದಾಗ ನಾಳಿ ಲಗ್ನ ಅದ. ನಾವು ಗಂಡಿನ ಕಡೆಯವರು."

ಕಂಡಕ್ಟರ್ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅವನು ಸ್ವಲ್ಪ ಯೋಚಿಸಿ, "ಮದುಮಗ ಅಂದ್ರ ಅರ್ಧ ಟಿಕೇಟರೆ ತಗೋಬೇಕಲ್ರಿ" ಅಂದ. ಹಿಂದಿನ ಸೀಟಿನವರೆಲ್ಲ ನಕ್ಕರು. ಸೇಡಂ ದಾಟುವ ಹೊತ್ತಿಗೆ ಬಸ್ಸಿಗೆ ಬಸ್ಸೇ ಗಂಡಿನ ಕಡೆಯಾಗಿತ್ತು. ಮುದುಕನೊಬ್ಬ ತನ್ನ ನೀರಿನ ಬಾಟಲಿಯಿಂದ ಬಕೆಟ್ಟಿಗೆ ನೀರು ಹಾಕಿದ. ಚಿಂಚೋಳಿಯಲ್ಲಿ ಇಳಿಯುವಾಗ ಒಬ್ಬಾಕೆ ಬಕೆಟ್ಟನ್ನು ಕೈಗೆ ಕೊಡುತ್ತ, "ಹುಷಾರಿ, ಮದುಮಗನ ತುರಾಯಿ ಮುರದೀತು" ಅಂದಳು.

ಅವತ್ತು ಮಧ್ಯಾಹ್ನ ಇಳಿಬಿಸಿಲಿನಲ್ಲಿ ಗದ್ದೆಗಿಳಿದೆ. ಆಗಷ್ಟೇ ಹೊರಬಂದ ತೆನೆಗಳನ್ನು ಆರಿಸಿ, ಒಂದೊಂದು ಹೂವಿನ ತುದಿಯನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ, ಚಿಮಟದಿಂದ ಒಳಗಿನ ಆರು ಕೇಸರಗಳನ್ನು ತೆಗೆಯಬೇಕು. ಒಂದು ಉಳಿದರೂ ತಾಯಿ ತನಗೆ ತಾನೇ ಗರ್ಭಕಟ್ಟುತ್ತದೆ. ಮುಗಿದ ಮೇಲೆ ತೆನೆಗೆ ಬೆಣ್ಣೆಕಾಗದದ ಚೀಲ ತೊಡಿಸಬೇಕು. ದೊಡ್ಡವ್ವ ಪಕ್ಕದಲ್ಲಿ ಕೂತು ಚೀಲ ಕೊಡುತ್ತ ಹೋದಳು. ಆಕೆಯ ಗಂಡ ಬದುವಿನ ಮೇಲೆ ನಿಂತು, ನೆರಳು ಬೀಳದಂತೆ ಆಚೆ ಸರಿದು, ನೋಡಿಯೇ ನೋಡಿದರು.

ಮರುದಿನ ಬೆಳಿಗ್ಗೆ ನಾವು ಗದ್ದೆಗೆ ಹೋಗುವಷ್ಟರಲ್ಲಿ ಸುದ್ದಿ ಊರು ತುಂಬಿತ್ತು. ಪಕ್ಕದ ಹೊಲದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸರೆಲ್ಲ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಬದುವಿನ ಮೇಲೆ ಸಾಲಾಗಿ ಕೂತಿದ್ದರು. ದೊಡ್ಡವ್ವ ಬಕೆಟ್ಟಿಗೆ ಅರಿಸಿನ ಹಚ್ಚಿದಳು.

"ಮಾಸ್ತರ, ಮುಹೂರ್ತ ಯಾವಾಗ್ರಿ?" ಒಬ್ಬಾಕೆ ಕೇಳಿದಳು.

"ಇದು ಪಂಚಾಂಗದಾಗ ಇಲ್ಲವ್ವ. ಬಿಸಿಲು ಕಾದ ಮ್ಯಾಲ ಹೂವೇ ಬಾಯಿ ತೆರೀತದ. ಅದೇ ಮುಹೂರ್ತ" ಅಂದರು ಅಪ್ಪ.

ಎಲ್ಲರೂ ಬಕೆಟ್ಟನ್ನು ನೋಡುತ್ತ ಕೂತರು. ಇಬ್ಬನಿ ಆರಿತು. ಬಿಸಿಲು ಬೆನ್ನಿಗೆ ತಟ್ಟಿತು. ಒಂದು ಹೂವು ಮೆಲ್ಲಗೆ ಬಿರಿಯಿತು, ಬಿಳಿಯ ಕೇಸರ ಹೊರಗೆ ಜೋತುಬಿದ್ದವು, ಆಮೇಲೆ ಇನ್ನೊಂದು, ಮತ್ತೊಂದು. ನಾನು ತಾಯಿತೆನೆಯ ಚೀಲದ ಬಾಯಿ ಬಿಚ್ಚಿ, ಗಂಡು ತೆನೆಯನ್ನು ಅದರ ಮೇಲೆ ಬಾಗಿಸಿದೆ. ಆಗ ಅಪ್ಪ ಹಿಂದಿನಿಂದ, ಅಂತರಪಟ ಸರಿಸುವಾಗಿನ ಅದೇ ದನಿಯಲ್ಲಿ, "ಸಾವಧಾನ!" ಅಂದರು.

ಬದುವಿನ ಮೇಲೆ ನಗುವಿನ ತೆರೆಯೇ ಎದ್ದಿತು. ನಾನೂ ನಗುತ್ತಲೇ ತೆನೆ ಕೊಡವಿದೆ, ಪರಾಗ ಹಳದಿ ಹೊಗೆಯಂತೆ ಚೆಲ್ಲಿತು, ಬೀಳಬೇಕಾದಲ್ಲೇ ಬಿತ್ತು. ಹೆಂಗಸರು ಸೋಬಾನೆ ಎತ್ತಿಕೊಂಡರು. ಪ್ರತಿ ತೆನೆಗೂ ಒಂದೊಂದು ನುಡಿ. ನಾನು ಚೀಲ ಮುಚ್ಚುತ್ತ ಹೋದೆ, ಅವರು ಹಾಡುತ್ತ ಹೋದರು. ಇವತ್ತಿಗೂ ಪ್ರಯೋಗಾಲಯದಲ್ಲಿ ಯಾರಾದರೂ ಪರಾಗಸ್ಪರ್ಶ ಮಾಡುವುದನ್ನು ನೋಡಿದರೆ, ಇಲ್ಲಿ ಹಾಡುವವರಿಲ್ಲವಲ್ಲ ಅನ್ನಿಸುತ್ತದೆ.

ಆ ಸಲ ಕಾಳು ಕಟ್ಟಿತು. ಹೆಚ್ಚೇನಿಲ್ಲ, ಅಂಗೈಯ ಗುಳಿಯಲ್ಲಿ ಹಿಡಿಯುವಷ್ಟು. ತುದಿ ಕತ್ತರಿಸಿದ ಸಿಪ್ಪೆಯಿಂದ ಅರ್ಧ ಮುಖ ಹೊರಗಿಟ್ಟ, ನೋಡಲು ಏನೇನೂ ಚೆಂದವಿಲ್ಲದ ಕಾಳುಗಳು. ಅವನ್ನು ಕಾಲೇಜಿಗೆ ಒಯ್ದು ಬಿತ್ತಿದೆ. ಗಿಡಗಳು ತಂದೆಗಿಂತ ತಡವಾಗಿ, ತಾಯಿಗಿಂತ ಬೇಗ ಹೂಬಿಟ್ಟವು. ಲಗ್ನ ನಿಜವಾಗಿ ಆಗಿದೆ ಎಂದು ಆಗ ಖಾತ್ರಿಯಾಯಿತು. ಮಾರ್ಗದರ್ಶಕರು ತಾವೇ ಹೋಗಿ ಕ್ಯಾಂಟೀನಿನಿಂದ ನನಗೆ ಚಹಾ ತಂದುಕೊಟ್ಟರು. ಅವರು ಯಾರಿಗಾದರೂ ಚಹಾ ತಂದುಕೊಟ್ಟದ್ದನ್ನು ಆ ವಿಭಾಗದಲ್ಲಿ ಯಾರೂ ನೋಡಿರಲಿಲ್ಲ.

ಆಮೇಲಿನ ವರ್ಷಗಳು ಬಿತ್ತುವುದು, ಆರಿಸುವುದು, ಮತ್ತೆ ಬಿತ್ತುವುದು. ಮೊಮ್ಮಕ್ಕಳ ಕಾಲಕ್ಕೆ ಗದ್ದೆಯಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಒಂದು ಗಿಡ ಗಿಡ್ಡ, ಒಂದು ಉದ್ದ; ಒಂದು ಬೇಗ, ಒಂದು ತಡ. ಕಾಳನ್ನು ಕತ್ತರಿಸಿ ಅಯೋಡಿನ್ ಹಚ್ಚಿದರೆ ಕೆಲವು ಕಡುನೀಲಿ, ಕೆಲವು ತಿಳಿನೀಲಿ. ತಿಳಿನೀಲಿಯೆಂದರೆ ಅಮೈಲೋಸ್ ಕಡಿಮೆ, ಅನ್ನ ಮೆತ್ತಗೆ. ಒಂದೇ ತೆನೆಯ ಕಾಳುಗಳಲ್ಲೇ ಎರಡೂ ಬಗೆ ಇರುವುದನ್ನು ರಜೆಯಲ್ಲಿ ಊರಿಗೆ ಬಂದಾಗ ಅಮ್ಮನಿಗೆ ತೋರಿಸಿದೆ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಬಗ್ಗಿ ನೋಡಿ, "ಒಂದೇ ಹೊಟ್ಟ್ಯಾಗ ಹುಟ್ಟಿದ್ರೂ ಒಬ್ಬರ ಸ್ವಭಾವ ಒಬ್ಬರಿಗಿಲ್ಲ ನೋಡು" ಅಂದಳು.

ಎರಡು ಸಾವಿರದ ಇಸವಿಯ ನಂತರ ನಮ್ಮ ಕಾಲೇಜಿಗೂ ಡಿಎನ್‌ಎ ನೋಡುವ ಯಂತ್ರಗಳು ಬಂದವು. ಗಟ್ಟಿ ಅನ್ನದ ತಂದೆ, ಮೆತ್ತಗಿನ ಅನ್ನದ ತಾಯಿ, ಇಬ್ಬರಲ್ಲೂ ಅಮೈಲೋಸ್ ಮಾಡುವ ವಂಶವಾಹಿ ಒಂದೇ. ವ್ಯತ್ಯಾಸ ಒಂದೇ ಒಂದು ಅಕ್ಷರದ್ದು. ಅದೂ ವಂಶವಾಹಿಯ ಸಂದೇಶವನ್ನು ಕತ್ತರಿಸಿ ಜೋಡಿಸುವ ಜಾಗದಲ್ಲಿ. ಇದನ್ನು ಅಪ್ಪನಿಗೆ ಹೇಗೆ ವಿವರಿಸಲಿ ಎಂದು ತಡವರಿಸುತ್ತಿದ್ದೆ. ಅವರು ಅರ್ಧ ಕೇಳಿಯೇ ಎದ್ದು ಕೂತರು.

"ಅಂದ್ರ ಸಂಧಿ ಬಿಡಿಸೋದು ಅನ್ನು! ಬಿಡಿಸೋ ಜಾಗದಾಗ ಒಂದು ಅಕ್ಷರ ತಪ್ಪಿದ್ರ ಪದ ಅಪಾರ್ಥ ಆಗ್ತದ. ಹುಡುಗರು ದಿನಾ ಮಾಡ್ತಾರಲ್ಲ."

"ಹೌದು ಅಪ್ಪಾ. ತಾಯಿಯೊಳಗ ಭಾಳಷ್ಟು ಸಲ ಸಂಧಿ ತಪ್ಪೇ ಬಿಡತದ. ಅದಕ್ಕ ಅಮೈಲೋಸ್ ಕಡಿಮಿ ಆಗ್ತದ, ಅನ್ನ ಮೆತ್ತಗ."

"ವ್ಯಾಕರಣ ತಪ್ಪಿದ್ರೂ ರುಚಿ ಆಗ್ತದಂತಾತು" ಅಂದು ಅವರು ಅವತ್ತಿಡೀ ಖುಷಿಯಲ್ಲಿದ್ದರು. ಮರುದಿನ ತರಗತಿಯಲ್ಲಿ ಸಂಧಿಪಾಠಕ್ಕೆ ಭತ್ತದ ಉದಾಹರಣೆ ಕೊಟ್ಟರೆಂದು ಆಮೇಲೆ ತಿಳಿಯಿತು.

ಕೊನೆಗೆ ಎರಡು ತಳಿ ಉಳಿದವು. ಎರಡೂ ಕೆರೆ ಬತ್ತುವ ಮೊದಲೇ ಹಣ್ಣಾಗುತ್ತಿದ್ದವು. ತೆನೆಯ ಮೇಲಿನ ಕಾಳು, ಕೆಳಗಿನ ಕಾಳು ಹೆಚ್ಚುಕಡಿಮೆ ಜತೆಜತೆಗೇ ತುಂಬಿ, ಸುಲಿದರೆ ಗಾಜು. ಒಂದು ತಂದೆಯಂತೆ ಉದುರು ಅನ್ನದ್ದು, ಇನ್ನೊಂದು ತಾಯಿಯಂತೆ ಮೆತ್ತಗಿನದು. ಯಂತ್ರಗಳು ಹೇಳುವುದನ್ನೆಲ್ಲ ಹೇಳಿ ಮುಗಿಸಿದ್ದವು. ಇನ್ನು ಉಂಡು ನೋಡಬೇಕಿತ್ತು. ಆ ಪರೀಕ್ಷೆಗೆ ನಾನು ಇಬ್ಬರನ್ನು ಆರಿಸಿದೆ, ದೊಡ್ಡವ್ವ ಮತ್ತು ಅಮ್ಮ.

ಅಮ್ಮ ಐನಾಪುರಕ್ಕೆ ಬಂದದ್ದು ಅದೇ ಮೊದಲು. ಗುಡಿಯಲ್ಲಿ ಉತ್ಸವದ ಸಿದ್ಧತೆಯಿದ್ದದ್ದರಿಂದ ಅಪ್ಪ ಬರಲಿಲ್ಲ. ಹೊರಡುವಾಗ ಅಮ್ಮ ತನ್ನದೇ ಹಿತ್ತಾಳೆ ಪಾತ್ರೆ, ತನ್ನದೇ ತಂಬಿಗೆ, ಸೌಟು ಎಲ್ಲ ಗಂಟು ಕಟ್ಟಿಕೊಂಡಳು. ಮಡಿಯ ಹೆಂಗಸು; ಬೇರೆಯವರ ಒಲೆಯ ಅನ್ನ ಉಂಡವಳಲ್ಲ. ನನಗೆ ಒಳಗೊಳಗೇ ಮುಜುಗರ. ದೊಡ್ಡವ್ವ ಏನಂದುಕೊಳ್ಳುತ್ತಾಳೋ! ಆದರೆ ದೊಡ್ಡವ್ವ ಬೇವಿನ ಗಿಡದ ಕೆಳಗೆ ಮೊದಲೇ ಎರಡು ಒಲೆ ಹೂಡಿ, ಒಂದನ್ನು ಸಾರಿಸಿ ರಂಗೋಲಿ ಹಾಕಿ ಇಟ್ಟಿದ್ದಳು.

"ಬಾಯಾರ, ಇದು ನಿಮ್ಮ ಒಲಿ. ಅದು ನಂದು. ನಾನೂ ಲಿಂಗ ಕಟ್ಟಿದಾಕಿರಿ, ನಮಗೂ ನಮ್ಮ ನೇಮ ಅದಾವ. ಅಕ್ಕಿ ಮಾತ್ರ ಇಬ್ಬರದೂ ಒಂದೇ."

ಅಮ್ಮನ ಮುಖ ಹಗುರಾಯಿತು. ಇಬ್ಬರೂ ಸೆರಗು ಸಿಕ್ಕಿಸಿ ಕೂತರು. ಎರಡೂ ತಳಿಯ ಅಕ್ಕಿ ಬೇರೆ ಬೇರೆ ಪಾತ್ರೆಯಲ್ಲಿ ಎರಡೂ ಒಲೆಯ ಮೇಲೆ ಬೆಂದಿತು. ಯಾವುದು ಯಾವುದೆಂದು ನಾನು ಬಾಯಿ ಬಿಡಲಿಲ್ಲ. ಉಂಡದ್ದಾಯಿತು. ಅಮ್ಮ ಉದುರು ಅನ್ನದ ಎಲೆಯನ್ನು ಮುಂದಕ್ಕೆ ತಳ್ಳಿದಳು.

"ಇದು ಅನ್ನ ಅಂದ್ರ! ಕಾಳಿಗಿ ಕಾಳು ಬ್ಯಾರೆ. ಚಿತ್ರಾನ್ನ ಮಾಡ್ರಿ, ಪುಳಿಯೋಗರಿ ಮಾಡ್ರಿ, ಮುತ್ತು ಸುರದಂಗ. ಆ ಇನ್ನೊಂದು ನಾಲಿಗಿಗಿ ಅಂಟ್ತದ."

"ಅಂಟ್ಲಿ ಬಿಡ್ರಿ, ನಾಲಿಗಿಗೇ ಅಲ್ಲೇನ್ರಿ ಅಂಟೋದು!" ದೊಡ್ಡವ್ವ ಬಿಡಲಿಲ್ಲ. "ನೀವು ಈಗ ಬಿಸಿದು ಉಂಡು ಹೇಳಾಕತ್ತೀರಿ. ಮುಂಜಾನಿ ಹೇಳ್ರಿ."

"ಮುಂಜಾನಿ? ತಂಗಳಾ?" ಅಮ್ಮ ಹೌಹಾರಿದಳು. "ನಮ್ಮಲ್ಲಿ ರಾತ್ರಿ ಉಳಿದ ಅನ್ನ ಮುಟ್ಟಂಗಿಲ್ಲರಿ. ಆಕಳಿಗೆ ಹಾಕ್ತೀವಿ."

"ಹಂಗಾರ ನಿಮ್ಮ ಊರಿನ ಆಕಳನ್ನ ಕೇಳ್ಬೇಕಿತ್ತು ಪರೀಕ್ಷಾಕ್ಕ!" ಅಂದಳು ದೊಡ್ಡವ್ವ. ಮಾತಾಡದ ಅವಳ ಗಂಡ ಕೂಡ ಆಗ ಬಾಯಿಗೆ ಟವೆಲ್ ಅಡ್ಡ ಹಿಡಿದರು. ಅಮ್ಮನಿಗೇ ನಗು ತಡೆಯಲಾಗಲಿಲ್ಲ. ಅವತ್ತು ಸಂಜೆಯೆಲ್ಲ ಇಬ್ಬರೂ ಪಡಸಾಲೆಯಲ್ಲಿ ಕೂತು, ಅಕ್ಕಿಗೆ ನೀರೆಷ್ಟು, ಗಂಜಿ ಬಸಿಯಬೇಕೋ ಬೇಡವೋ ಎಂದು ವಾದ ಮಾಡಿದರು. ನಾನು ಹೇಳಬೇಕೆಂದುಕೊಂಡಿದ್ದ ವಿಜ್ಞಾನಕ್ಕೆ ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ಬೆಳಿಗ್ಗೆ ನಾನು ಎದ್ದು ಹೊರಗೆ ಬಂದಾಗ ಅಮ್ಮ ಸ್ನಾನ ಮುಗಿಸಿ, ಒದ್ದೆ ಕೂದಲು ಗಂಟು ಹಾಕಿಕೊಂಡು ಬೇವಿನ ಗಿಡದ ಕೆಳಗೆ ನಿಂತಿದ್ದಳು. ದೊಡ್ಡವ್ವ ತನ್ನ ಗಡಿಗೆಯಿಂದ ಹಿಂದಿನ ದಿನದ ಅನ್ನ ತೆಗೆದು, ಮೊಸರು ಹಾಕಿ, ಉಪ್ಪು ಸುರಿದು, ಹಸಿ ಉಳ್ಳಾಗಡ್ಡಿ ಒಡೆದು ಗಂಡನ ಗಂಗಾಳಕ್ಕೆ ಬಡಿಸುತ್ತಿದ್ದಳು. ಅಮ್ಮ ಅದನ್ನೇ ನೋಡುತ್ತಿದ್ದಳು. ಆಮೇಲೆ ಸಣ್ಣ ದನಿಯಲ್ಲಿ ಅಂದಳು.

"ದೊಡ್ಡವ್ವಾರ, ನನಗೂ ಎರಡೂ ಥರದ್ದು ಒಂದೊಂದು ತುತ್ತು ಹಾಕ್ರಿ. ಉಳ್ಳಾಗಡ್ಡಿ ಬ್ಯಾಡ."

ನಾನು ಬೆಚ್ಚಿದೆ. "ಅಮ್ಮ, ಬ್ಯಾಡ ಬಿಡು. ನಿನ್ನ ನೇಮ..."

"ನೀ ಸುಮ್ಮನಿರು. ಇಷ್ಟು ವರ್ಷ ನೀ ಬಕೀಟ್ ಹೊತ್ತೀ, ದಾರ ಕಟ್ಟೀ. ಅರ್ಧ ಪರೀಕ್ಷಾ ಕೊಟ್ಟು ಎದ್ದು ಹೋಗ್ಲೇನು? ದೇವರಿಗಿ ನಾ ಹೇಳ್ಕೋತೀನಿ."

ದೊಡ್ಡವ್ವ ತಮಾಷೆ ಮಾಡಲಿಲ್ಲ. ಎರಡು ಹೊಸ ಎಲೆ ತಂದು ಹಾಸಿ, ಎರಡು ತುತ್ತು ಬಡಿಸಿದಳು. ಅಮ್ಮ ಮೊದಲು ಉದುರು ಅನ್ನ ಬಾಯಿಗಿಟ್ಟಳು. ಅಗಿದಳು, ಮತ್ತೆ ಅಗಿದಳು. "ಬಿರಸು" ಅಂದಳು. ಆಮೇಲೆ ಮೆತ್ತಗಿನದು. ಕಣ್ಣು ಮುಚ್ಚಿ ತಿಂದಳು. ನುಂಗಿ, ಎಲೆಯನ್ನು ದೊಡ್ಡವ್ವನ ಕಡೆ ಸರಿಸಿದಳು.

"ಇನ್ನೊಂದು ತುತ್ತು ಹಾಕ್ರಿ" ಅಂದಳು.

ದೊಡ್ಡವ್ವ ಚಪ್ಪಾಳೆ ತಟ್ಟಿ ಕುಣಿದೇಬಿಟ್ಟಳು. ಅಮ್ಮ ಮೂರನೆಯ ಸಲವೂ ಹಾಕಿಸಿಕೊಂಡಳು. ಪರೀಕ್ಷೆಯ ಫಲಿತಾಂಶ ಏನೆಂದು ಬರೆಯಲಿ ಎಂದು ನಾನು ಕೇಳಿದಾಗ ಇಬ್ಬರೂ ಒಂದೇ ಮಾತಿಗೆ ಬಂದರು: ಹಬ್ಬಕ್ಕೆ ಅದು, ಹೊಲಕ್ಕೆ ಇದು, ಎರಡೂ ಇರಲಿ. ಎರಡರ ಬಿತ್ತನೆ ಬೀಜವನ್ನೂ ದೊಡ್ಡವ್ವನಿಗೆ ಕೊಟ್ಟೆ.

ಬಸ್ಸಿನಲ್ಲಿ ಬರುವಾಗ ಅಮ್ಮ ಕಿಟಕಿಯ ಕಡೆ ಮುಖ ಮಾಡಿ, "ನಿಮ್ಮ ಅಪ್ಪಗ ಹೇಳಬ್ಯಾಡ" ಅಂದಳು. ನಾನು ಹೂಂ ಅಂದೆ. ಮನೆ ಮುಟ್ಟಿ, ಚಪ್ಪಲಿ ಇನ್ನೂ ಕಾಲಲ್ಲೇ ಇರುವಾಗ, ಅಪ್ಪ ಬಾಗಿಲು ತೆರೆದ ಕೂಡಲೇ ಆಕೆಯೇ ಹೇಳಿದಳು: "ನಾ ತಂಗಳ ಉಂಡೆ." ಅಪ್ಪ "ಹೆಂಗಿತ್ತು?" ಅಂದರು. "ಭಾಳ ಚಲೋ ಇತ್ತು" ಅಂದು ಅಮ್ಮ ನೇರ ಬಚ್ಚಲಿಗೆ ಹೋದಳು. ನೀರು ಸುರಿದುಕೊಳ್ಳುವ ಸದ್ದಿನ ನಡುವೆ ಆಕೆಯ ಸ್ತೋತ್ರ ಎಂದಿಗಿಂತ ಜೋರಾಗಿ ಕೇಳಿಸುತ್ತಿತ್ತು.

ನನ್ನ ಪ್ರಬಂಧ ಒಪ್ಪಿಗೆಯಾಯಿತು, ಕೆಲಸವೂ ಸಿಕ್ಕಿತು. ಮದುವೆಯಾಗಿ ಶಹಾಬಾದಿನಲ್ಲಿ ಮನೆ ಮಾಡಿದೆ. ಆ ಎರಡು ತಳಿಗಳನ್ನು ದೊಡ್ಡ ಪರೀಕ್ಷೆಗಳಿಗೆ ಕಳಿಸಿದೆವು. ಕಾಲುವೆಯ ನೀರು, ಗೊಬ್ಬರ ಎಲ್ಲ ಧಾರಾಳವಿರುವ ಗದ್ದೆಗಳಲ್ಲಿ ಬೇರೆ ತಳಿಗಳು ಇವಕ್ಕಿಂತ ಹೆಚ್ಚು ಇಳುವರಿ ಕೊಟ್ಟವು. ಇವನ್ನು ರೈತರ ಬಿತ್ತನೆಗೆ ಬಿಡುಗಡೆ ಮಾಡುವುದಿಲ್ಲ ಎಂದು ತೀರ್ಮಾನವಾಯಿತು. ಅದು ನ್ಯಾಯವಾದ ತೀರ್ಮಾನವೇ. ಆದರೂ ಅವತ್ತು ಊಟ ಸೇರಲಿಲ್ಲ. ದೊಡ್ಡವ್ವನಿಗೆ ಹೇಳಲೇಬೇಕಲ್ಲ ಎಂದು ಸಂಜೆ ಐನಾಪುರದ ಕಿರಾಣಿ ಅಂಗಡಿಯ ಫೋನಿಗೆ ಹಚ್ಚಿದೆ. ಅಂಗಡಿಯವರು ಹೋಗಿ ಆಕೆಯನ್ನು ಕರೆತಂದರು. ದೂರದಿಂದ ಬರುವಾಗಲೇ ಆಕೆಯ ದನಿ ಫೋನಿನಲ್ಲಿ ಕೇಳಿಸುತ್ತಿತ್ತು.

"ದೊಡ್ಡವ್ವ, ನಮ್ಮ ನೆಲ್ಲು ಬಿಡುಗಡಿ ಆಗಂಗಿಲ್ಲಂತ" ಅಂದೆ.

"ಬಿಡುಗಡಿ ಯಾಕವ್ವ? ಅದೇನು ಜೇಲಿನ್ಯಾಗ ಅದನ?"

ಆಕೆ ಉಸಿರು ಎಳೆದುಕೊಂಡು ಮುಂದುವರಿಸಿದಳು. ಕೆರೆಯ ಕೆಳಗಿನವರೆಲ್ಲ ಬೀಜ ಕೇಳಿಕೊಂಡು ಒಯ್ದಿದ್ದಾರಂತೆ. ಸೇಡಂ ಕಡೆ ಕೊಟ್ಟ ಮಗಳು ಉಡಿಯಲ್ಲಿ ಕಟ್ಟಿಕೊಂಡು ಹೋಗಿ, ಅಲ್ಲಿನ ಗಡಿಯ ತೆಲುಗು ಮಂದಿಗೂ ಹಂಚಿದ್ದಾಳಂತೆ. ಅವರು ಅದಕ್ಕೆ ತಮ್ಮ ಭಾಷೆಯಲ್ಲಿ ಏನೋ ಹೆಸರಿಟ್ಟಿದ್ದಾರಂತೆ, ಆಕೆಯ ನಾಲಿಗೆಗೆ ಹೊರಳುವುದಿಲ್ಲವಂತೆ. ಈ ವರ್ಷ ತನ್ನ ಗದ್ದೆಯಲ್ಲಿ ಮೆತ್ತಗಿನದು ಎರಡು ಮಡಿ, ಉದುರಿನದು ಒಂದು ಮಡಿ. "ಆ ಒಂದು ಮಡಿ ನಿಮ್ಮ ಅವ್ವಾರ ಸಲುವಾಗಿ" ಅಂದಳು.

"ಈಗ ಹೆಂಗ ಅದ ಬೆಳಿ?" ಅಂತ ಕೇಳಿದೆ.

"ಮ್ಯಾಲಿಂದ ಕೆಳಗಿನ ತನಕ ಬಂಗಾರ ಆಗ್ಯಾದ. ಕೆರ್‍ಯಾಗ ಇನ್ನಾ ಮೊಣಕಾಲ ಮಟ ನೀರು ಅದ. ನೀ ಫೋನಿನ್ಯಾಗ ರೊಕ್ಕ ಸುಡಬ್ಯಾಡ, ನಾಳಿ ಕೊಯ್ಲಿಗಿ ಬಾ."

ಮರುದಿನ ಬೆಳಗಿನ ಬಸ್ಸಿಗೆ ನಾನು ಹೊರಟೆ.